ಯಾರಿಗೂ ಹೇಳಬೇಡಿ ಎನ್ನುವವರು

ಇ-ಮೇಲ್ ನಂಬಿ ಹಣ ಕಳೆದುಕೊಂಡವರ ಸುದ್ದಿ ಬಂದಾಗಲೆಲ್ಲ ‘ಇಷ್ಟು ಓದಿದವರಿಗೆ ಅಷ್ಟೂ ತಿಳಿಯಬಾರದೇ?’ ಎಂಬ ಮಾತು ನಮ್ಮ ಬಾಯಿಗೆ ತಾನಾಗಿ ಬರುತ್ತದೆ. ಅದರ ಬೆನ್ನಿಗೇ ‘ಆಸೆ ಹೆಚ್ಚಾಯಿತು’ ಎಂಬ ತೀರ್ಪು. ಈ ತೀರ್ಪು ನನಗೆ ಒಪ್ಪಿಗೆಯಿಲ್ಲ. ಲಾಟರಿಯ ಆಸೆಗೆ ಬಿದ್ದವರು ಇಲ್ಲವೆಂದಲ್ಲ. ಆದರೆ ಇಂದಿನ ಮೋಸಗಾರರಿಗೆ ಹೆಚ್ಚಾಗಿ ಒದಗಿಬರುವುದು ನಮ್ಮ ಒಳ್ಳೆಯ ಗುಣಗಳೇ: ಸರಕಾರದ ಕಾಗದಕ್ಕೆ ನಾವು ಕೊಡುವ ಮರ್ಯಾದೆ, ಯಾರದೂ ಬಾಕಿ ಉಳಿಸಬಾರದೆಂಬ ಶಿಸ್ತು, ಮಾನಕ್ಕೆ ಅಂಜುವ ಸ್ವಭಾವ.

ಇದಕ್ಕೆ ಸಾಕ್ಷಿ ನಮ್ಮ ಥಾಣೆ ಜಿಲ್ಲೆಯಲ್ಲೇ ಇದೆ. 2016ರ ಅಕ್ಟೋಬರ್ ಮೊದಲ ವಾರದಲ್ಲಿ ಥಾಣೆ ಪೊಲೀಸರು ಮೀರಾ ರೋಡಿನ ಕಾಲ್ ಸೆಂಟರುಗಳ ಮೇಲೆ ದಾಳಿ ಮಾಡಿ ನೂರಾರು ಮಂದಿಯನ್ನು ವಿಚಾರಣೆಗೆ ಒಳಪಡಿಸಿದರು; ಮೊದಲ ಸುತ್ತಿನಲ್ಲೇ 70 ಜನರ ಬಂಧನವಾಯಿತು. ಅಲ್ಲಿನ ತರುಣ ತರುಣಿಯರು ರಾತ್ರಿಪಾಳಿಯಲ್ಲಿ ಕೂತು, ಅಮೆರಿಕದ ಉಚ್ಚಾರ ಕಲಿತು, ತಾವು ಆ ದೇಶದ ತೆರಿಗೆ ಅಧಿಕಾರಿಗಳೆಂದು ಹೇಳಿಕೊಳ್ಳುತ್ತಿದ್ದರು. ‘ನಿಮ್ಮ ತೆರಿಗೆ ಬಾಕಿ ಇದೆ, ಕಟ್ಟದಿದ್ದರೆ ಪೊಲೀಸರು ಮನೆಗೆ ಬರುತ್ತಾರೆ’ ಎಂದು ಹೆದರಿಸುವುದು, ಐಟ್ಯೂನ್ಸ್ ಗಿಫ್ಟ್ ಕಾರ್ಡ್ ಕೊಳ್ಳಲು ಹಚ್ಚುವುದು, ಕಾರ್ಡಿನ ಅಂಕಿಗಳನ್ನು ಓದಿಸಿಕೊಳ್ಳುವುದು, ಇಷ್ಟೇ ಕೆಲಸ. ಅಂಗಡಿಗೆ ಹೋಗಿ ಕಾರ್ಡ್ ಕೊಳ್ಳುವವರೆಗೂ ಫೋನ್ ಇಡಲು ಬಿಡುತ್ತಿರಲಿಲ್ಲ. ಇಡೀ ವಂಚನೆ ನಿಂತದ್ದು ಈ ಒಂದು ಪಟ್ಟಿನ ಮೇಲೆ ಎಂದು ನನಗನಿಸುತ್ತದೆ. ಫೋನ್ ಇಟ್ಟರೆ ಆ ಮನುಷ್ಯ ಹೆಂಡತಿಯನ್ನು ಕೇಳಿಯಾನು, ಮಗನಿಗೆ ಹೇಳಿಯಾನು. ಇನ್ನೊಬ್ಬರ ಕಿವಿಗೆ ಬಿದ್ದ ಕೂಡಲೇ ಭಯ ಅರ್ಧ ಇಳಿಯುತ್ತದೆ.

ಇ-ಮೇಲ್‌ನಲ್ಲಿ ಆ ಪಟ್ಟು ಅವಸರದ ರೂಪ ತಾಳುತ್ತದೆ. ‘24 ಗಂಟೆಯೊಳಗೆ ಖಾತೆ ಬಂದ್’, ‘ತೆರಿಗೆ ಮರುಪಾವತಿ ಪಡೆಯಲು ಇಂದೇ ಕಡೆಯ ದಿನ’. ಡೊಂಬಿವಲಿಯಿಂದ ಬೆಳಗಿನ ಲೋಕಲ್ ಹತ್ತಿದವರನ್ನು ನೋಡಿ. ಒಂದು ಕೈ ಹಿಡಿಕೆಯಲ್ಲಿ, ಇನ್ನೊಂದರಲ್ಲಿ ಮೊಬೈಲ್. ದಿವಾ, ಮುಂಬ್ರಾ, ಕಳವಾ ದಾಟುವುದರೊಳಗೆ ಹೆಬ್ಬೆರಳು ಹತ್ತಾರು ಮೇಲ್‌ಗಳನ್ನು ಸರಿಸಿರುತ್ತದೆ. ಆ ಪುಟ್ಟ ಪರದೆಯಲ್ಲಿ ಕಾಣುವುದು ಕಳಿಸಿದವರ ಹೆಸರು ಮಾತ್ರ. ಹೆಸರಿನ ಜಾಗದಲ್ಲಿ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಅದರ ಮೇಲೆ ಒತ್ತಿದರೆ ಮಾತ್ರ ಹಿಂದಿರುವ ನಿಜ ವಿಳಾಸ ತೆರೆದುಕೊಳ್ಳುತ್ತದೆ. ನೂಕುನುಗ್ಗಲಿನಲ್ಲಿ ನಿಂತವರಿಗೆ ಆ ಒಂದು ಒತ್ತುವಿಕೆಗೆ ಎಲ್ಲಿಯ ಪುರಸೊತ್ತು?

ನಮ್ಮ ಕನ್ನಡಿಗರ ವಿಷಯದಲ್ಲಿ ಇನ್ನೊಂದು ಮಾತು ಸೇರಿಸಬೇಕು. ಕಲ್ಯಾಣ, ಡೊಂಬಿವಲಿ, ಥಾಣೆಗಳಲ್ಲಿ ನೆಲೆಸಿರುವ ಕರಾವಳಿಯ ಹಿರಿಯರಲ್ಲಿ ಅನೇಕರ ಖಾತೆ ಇದ್ದದ್ದು ಊರಿನ ಬ್ಯಾಂಕುಗಳಲ್ಲಿ. ವಿಜಯಾ ಬ್ಯಾಂಕ್ 2019ರ ಏಪ್ರಿಲ್‌ನಲ್ಲಿ ಬ್ಯಾಂಕ್ ಆಫ್ ಬರೋಡದೊಳಗೆ ಸೇರಿತು. ಮರುವರ್ಷ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನೊಳಗೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿನೊಳಗೆ. ಐಎಫ್‌ಎಸ್‌ಸಿ ಸಂಖ್ಯೆ ಬದಲಾಯಿತು, ಚೆಕ್ ಪುಸ್ತಕ ಬದಲಾಯಿತು, ನಿಜವಾದ ಸೂಚನೆಗಳು ಒಂದರ ಹಿಂದೊಂದು ಬಂದವು. ಅವುಗಳ ನಡುವೆ ‘ಕೆವೈಸಿ ಹೊಸದು ಮಾಡಿಸಿ’ ಎಂಬ ಸುಳ್ಳು ಪತ್ರವೊಂದು ನುಸುಳಿದರೆ ಅದನ್ನು ನಂಬಿದವರನ್ನು ದಡ್ಡರೆನ್ನಲಾದೀತೇ? ಹೇಳಿದ ಕೆಲಸವನ್ನು ಹೇಳಿದ ದಿನದೊಳಗೆ ಮಾಡಿ ಮುಗಿಸುವ ಪೀಳಿಗೆಯವರು ಅವರು. ನವಿ ಮುಂಬಯಿಯ ಐರೋಲಿ, ಮಹಾಪೆಗಳ ಕಂಪನಿಗಳತ್ತ ಕಣ್ಣಿಟ್ಟ ಹುಡುಗ ಹುಡುಗಿಯರಿಗಾದರೋ ನೇಮಕಾತಿ ಪತ್ರದ ವೇಷದಲ್ಲಿ ಬರುತ್ತದೆ ಮೋಸ. ‘ಲ್ಯಾಪ್‌ಟಾಪಿಗೆ ಠೇವಣಿ ಕಟ್ಟಿ, ಹಿಂದಿರುಗಿಸುತ್ತೇವೆ’ ಎಂಬ ಸಾಲು ಕೆಲಸಕ್ಕಾಗಿ ಕಾದು ಸೋತವರಿಗೆ ಸಂಶಯದ್ದಾಗಿ ಕಾಣುವುದಿಲ್ಲ.

ನೈಜೀರಿಯಾದ ಕೋಟಿಗಟ್ಟಲೆ ಡಾಲರಿನ ಆಸೆ ತೋರಿಸುವ ಹಳೆಯ ಪತ್ರಗಳ ಮಾತು ಬೇರೆ. ಅವು ಅಷ್ಟು ಅಸಂಬದ್ಧವಾಗಿರುವುದೇಕೆ ಎಂದು ಮೈಕ್ರೋಸಾಫ್ಟಿನ ಸಂಶೋಧಕ ಕಾರ್ಮಕ್ ಹರ್ಲಿ 2012ರಲ್ಲಿ ಒಂದು ಪ್ರಬಂಧ ಬರೆದರು. ಆ ಪತ್ರ ಜರಡಿಯ ಹಾಗೆ. ಸಂಶಯಪಡುವವರು ಮೊದಲ ಸಾಲಿಗೇ ಸೋರಿಹೋಗುತ್ತಾರೆ, ಕೊನೆಯವರೆಗೂ ನಂಬಬಲ್ಲವರು ಮಾತ್ರ ಉಳಿಯುತ್ತಾರೆ. ಬ್ಯಾಂಕಿನ ಹೆಸರಿನ ಇಂದಿನ ಪತ್ರಗಳಿಗೆ ಆ ಜರಡಿಯೂ ಬೇಡ. ಖಾತೆಯಿರುವ ಯಾರನ್ನಾದರೂ ಅವು ತಟ್ಟಬಲ್ಲವು.

ಉಪಾಯಗಳಿವೆ. ಬ್ಯಾಂಕುಗಳ ಜಾಲತಾಣದ ವಿಳಾಸ ‘ಡಾಟ್ ಬ್ಯಾಂಕ್ ಡಾಟ್ ಇನ್’ ಎಂದೇ ಮುಗಿಯಬೇಕೆಂದು ರಿಸರ್ವ್ ಬ್ಯಾಂಕ್ 2025ರಲ್ಲಿ ನಿಯಮ ಮಾಡಿದೆ. ಆ ಬಾಲವನ್ನು ನೋಡುವ ಅಭ್ಯಾಸ ಒಳ್ಳೆಯದು. ಹಣ ಹೋದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಕದ್ದ ಹಣ ಖಾತೆಯಿಂದ ಖಾತೆಗೆ ಹಾರುತ್ತ ಹೋಗುತ್ತದೆ, ಬೇಗ ತಿಳಿಸಿದರೆ ನಡುದಾರಿಯಲ್ಲಿ ತಡೆಯಲು ಸಾಧ್ಯ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯ ಪ್ರಕಾರ, ಗ್ರಾಹಕರೇ ಗುಟ್ಟಿನ ಸಂಖ್ಯೆ ಕೊಟ್ಟಿದ್ದರೂ, ಬ್ಯಾಂಕಿಗೆ ದೂರು ಕೊಟ್ಟ ಮೇಲೆ ಆಗುವ ನಷ್ಟ ಬ್ಯಾಂಕಿನದು.

ಹೀಗಿರುವಾಗ ಮೋಸ ಹೋದವರು ಬಾಯಿ ಬಿಡದಿರುವ ಒಂದೊಂದು ಗಂಟೆಯೂ ಕಳ್ಳನ ಲಾಭ. ಅವರ ಬಾಯಿ ಕಟ್ಟುವುದು ನಮ್ಮ ನಗು, ನಮ್ಮ ‘ಅಷ್ಟೂ ತಿಳಿಯಬಾರದೇ’. ಮಗ ಬೈದಾನು, ಸೊಸೆ ನಕ್ಕಾಳು, ಸೊಸೈಟಿಯವರು ಆಡಿಕೊಂಡಾರು ಎಂದು ಹಿರಿಯರು ಒಳಗೊಳಗೇ ಬೇಯುತ್ತಾರೆ. ಆದ್ದರಿಂದ ಮನೆಯ ಕಿರಿಯರಲ್ಲಿ ನನ್ನದೊಂದು ಕೋರಿಕೆ. ‘ಒಂದು ಮೇಲ್ ಬಂದಿದೆ, ಸ್ವಲ್ಪ ನೋಡು ಮಗಾ’ ಎಂದು ಅಪ್ಪ ಕರೆದರೆ, ಹತ್ತನೆಯ ಸಲವಾದರೂ ಎದ್ದುಹೋಗಿ ನೋಡಿ. ‘ಹೀಗಾಗಿ ಹೋಯಿತು’ ಎಂದು ಅಮ್ಮ ಹೇಳಿದರೆ, ಏಕೆ ಕೊಟ್ಟೆ ಎಂದು ಕೇಳುವ ಮೊದಲು 1930 ಒತ್ತಿ.