ಬಿಸಿಯಾದ ಮೇಲೆ ಮುಗ್ಗರಿಸುವ ಗಾಡಿ

ನಮ್ಮ ಮನೆಯ ಹಳೇ ಪ್ರೀಮಿಯರ್ ಪದ್ಮಿನಿ ಬೆಳಿಗ್ಗೆ ಒಂದೇ ಸೆಲ್ಫಿಗೆ ಹಿಡಿಯುತ್ತದೆ. 1089 ಸಿಸಿಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್, ಒಂದು ಕಾರ್ಬುರೇಟರ್, ಪಾಯಿಂಟು, ಕಂಡೆನ್ಸರು, ಕಾಯಿಲು. ಕಂಪ್ಯೂಟರ್ ಗಿಂಪ್ಯೂಟರ್ ಏನೂ ಇಲ್ಲ. ಆದರೂ ಮೂರು ತಿಂಗಳು ಸತಾಯಿಸಿತು.

ತಾಳವಾಡಿಯಿಂದ ಸತ್ಯಮಂಗಲಕ್ಕೆ ದಿಂಬಂ ಘಾಟಿ ಇಳಿಯುವಾಗ ತಕರಾರಿಲ್ಲ. ವಾಪಸ್ ಬರುವಾಗ ಬಣ್ಣಾರಿ ದಾಟಿ ಏರು ಶುರುವಾಯಿತೋ, ನಾಲ್ಕೈದು ತಿರುವಿಗೇ ರಗಳೆ. ಆಕ್ಸಿಲೇಟರ್ ಒತ್ತಿದರೆ ಉಸಿರು ಕಟ್ಟಿದ ಹಾಗೆ ಒಂದು ಕ್ಷಣ ನಿಂತು, ಆಮೇಲೆ ಜಗ್ಗಿ ಜಗ್ಗಿ ಎಳೆಯುವುದು. ಒಟ್ಟು 27 ತಿರುವು, ಹಿಂದೆ ಲಾರಿ, ಆಚೀಚೆ ಹುಲಿ ಇರುವ ಕಾಡು. ಹಿಂದಿನ ಸೀಟಿನಲ್ಲಿ ತಿಂಗಳ ಚೆಕಪ್ ಮುಗಿಸಿ ಬರುತ್ತಿರುವ ಅಮ್ಮ. "ಇಲ್ಲೇ ನಿಂತೋದ್ರೆ ಏನ್ ಮಾಡ್ತೀಯ ಮಗಾ?" ಅಂತ ಕೇಳಿದರೆ ನನ್ನ ಹತ್ತಿರ ಉತ್ತರವಿರಲಿಲ್ಲ.

ಪಟ್ಟಣದ ಒಂದು ಗ್ಯಾರೇಜಿನವರು ರಿಂಗ್ ಹೋಗಿದೆ, ಇಂಜಿನ್ ಬಿಚ್ಚಬೇಕು ಅಂದರು. ನೀಲಿ ಹೊಗೆಯಿಲ್ಲ, ಆಯಿಲ್ ಕುಡಿಯುತ್ತಿಲ್ಲ. ರಿಂಗ್ ಸವೆದ ಗಾಡಿ ಬೆಳಿಗ್ಗೆ ಗಟ್ಟಿ, ಮಧ್ಯಾಹ್ನ ಸುಸ್ತು ಅಂತ ಇರುತ್ತದೆಯೇ? ನನಗೆ ನಂಬಿಕೆ ಬರಲಿಲ್ಲ. ತಮ್ಮ ಮಾತ್ರ ಗುಜರಿಗೆ ಹಾಕೋಣ ಅಂತ ಹಠ ಹಿಡಿದ. ಅಪ್ಪ ಓಡಿಸಿದ ಗಾಡಿ ಅನ್ನುವ ಮಾತು ಹಾಗಿರಲಿ, ಇನ್ನೊಂದು ಕೊಳ್ಳುವ ತ್ರಾಣ ನಮಗಿರಲಿಲ್ಲ.

ನಮ್ಮೂರ ಕಡೆಯ ಹಳೇ ಮೆಕ್ಯಾನಿಕ್ ಒಬ್ಬರಿದ್ದಾರೆ. ಅವರು ಬಾನೆಟ್ಟನ್ನೇ ಎತ್ತಲಿಲ್ಲ. "ತಣ್ಣಗಾದ್ ಗಾಡಿ ತಂದು ನಿಲ್ಸುದ್ರೆ ನಾನೇನ್ ನೋಡ್ಲಿ ಮೇಷ್ಟ್ರೇ? ಜ್ವರ ಇರುವಾಗ್ಲೇ ತನ್ನಿ" ಅಂದರು. ಕೊನೆಗೆ ಅವರನ್ನೇ ಕೂರಿಸಿಕೊಂಡು ಏರು ಹತ್ತಿಸಿದೆ. ಮುಗ್ಗರಿಸಲು ಶುರುವಾದ ತಕ್ಷಣ ಅಗಲ ಜಾಗ ನೋಡಿ ನಿಲ್ಲಿಸಿದೆವು.

ಮೊದಲು ಪೆಟ್ರೋಲಿನ ಅನುಮಾನ. ಇಂಜಿನ್ನಿಗೆ ಅಂಟಿಕೊಂಡಿರುವ ಪೆಟ್ರೋಲ್ ಪಂಪ್ ಕಾದರೆ ಒಳಗಿನ ಪೆಟ್ರೋಲ್ ಆವಿಯಾಗುತ್ತದೆ, ಪಂಪಿಗೆ ಎಳೆಯಲು ಹನಿಯೇ ಸಿಗುವುದಿಲ್ಲ. ಅದರ ಮೇಲೆ ಒದ್ದೆ ಬಟ್ಟೆ ಸುತ್ತಿ ಸ್ವಲ್ಪ ಹೊತ್ತು ಕಾದೆವು. ಟ್ಯಾಂಕಿನ ಮುಚ್ಚಳ ತೆಗೆದೂ ನೋಡಿದರು. ಗಾಳಿ ಒಳಹೋಗುವ ತೂತು ಕಟ್ಟಿಕೊಂಡರೂ ಹೀಗೇ ಆಗುತ್ತದಂತೆ. ಎರಡರಿಂದಲೂ ವ್ಯತ್ಯಾಸವಾಗಲಿಲ್ಲ.

ಆಮೇಲೆ ಕಿಡಿಯ ಸರದಿ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದು ನನಗೆ ಸೆಲ್ಫ್ ಹೊಡೆಯಲು ಹೇಳಿದರು. ಪ್ಲಗ್ಗಿನಲ್ಲಿ ಬೀಳಬೇಕಾದ ಜೋರು ಪಾಯಿಂಟಿನ ನಡುವೆಯೇ ಚಟಪಟ ಅಂತ ಉರಿದು ಹೋಗುತ್ತಿತ್ತು. ಕಾಯಿಲಿನ ವಯರಿನಿಂದ ಬಂದ ಕಿಡಿ ನೀಲಿಯಾಗಿರದೆ ಹಳದಿ ಬಣ್ಣಕ್ಕೆ ತಿರುಗಿ ಬಡವಾಗಿತ್ತು. ಕಂಡೆನ್ಸರ್ ಕಿರುಬೆರಳಿನಷ್ಟು ಡಬ್ಬಿ. ತಣ್ಣಗಿದ್ದಾಗ ಸರಿಯಾಗಿಯೇ ಇರುತ್ತದೆ. ಕಾದಾಗ ಒಳಗಿನ ಪದರ ಕೈಕೊಟ್ಟರೆ ಕಿಡಿ ಸೊರಗುತ್ತದೆ. ಏರಿನಲ್ಲಿ ಸಿಲಿಂಡರಿನ ಒತ್ತಡ ಹೆಚ್ಚು, ಅಲ್ಲಿ ಬಡ ಕಿಡಿ ಹಾರುವುದೇ ಇಲ್ಲ. ಬಿಸಿಯಾದಾಗ ಕಾಯಿಲೂ ಇದೇ ಆಟ ಆಡುತ್ತದೆ. ಅದಕ್ಕೇ ಅವರು ಎರಡನ್ನೂ ಒಟ್ಟಿಗೆ ಬದಲಿಸಲಿಲ್ಲ, ಮೊದಲು ಅಗ್ಗದ್ದನ್ನು ಮಾತ್ರ ಹಾಕಿದರು. ಸುಟ್ಟಿದ್ದ ಪಾಯಿಂಟನ್ನು ಎಮರಿ ಪೇಪರಿನಲ್ಲಿ ಉಜ್ಜಿ, ಗ್ಯಾಪ್ ಹಿಡಿಸಿದರು. ಅಲ್ಲಿಂದ ಮೇಲಿನವರೆಗೂ ಗಾಡಿ ಒಂದೇ ದನಿಯಲ್ಲಿ ಹತ್ತಿತು.

ಕಾಯಿಲು ಹಳೆಯದೇ ಇದೆ. ಹೆಚ್ಚಿನ ಕಂಡೆನ್ಸರ್ ಒಂದನ್ನು ಕಾಗದದಲ್ಲಿ ಸುತ್ತಿ ಗಾಡಿಯಲ್ಲೇ ಇಟ್ಟಿದ್ದೇನೆ. ಹೋದ ತಿಂಗಳು ಅಮ್ಮ ಹಾಸನೂರು ಬರುವವರೆಗೂ ನಿದ್ದೆ ಮಾಡಿದರು. ತಮ್ಮ ಮಾತ್ರ ಈಗಲೂ ಗುಜರಿಯ ರೇಟು ಕೇಳಿಕೊಂಡು ಬರುತ್ತಾನೆ.