ಸೂಜಿ ಹುಡುಕುವ ಪೆನ್ನು

ಸಹೋದರಿಯರೇ, ಕೌದಿ ಹೊಲಿಯುವಾಗ ಸೂಜಿ ಕಳೆದು ಮನೆಮಂದಿಯಿಂದ ಬೈಸಿಕೊಳ್ಳದವರು ನಮ್ಮೊಳಗೆ ಯಾರಿದ್ದಾರೆ, ಹೇಳಿ? ಬೇಸಿಗೆಯಲ್ಲಿ ಹಳೆಯ ಸೀರೆ, ಧೋತರ ಹರವಿಕೊಂಡು ಕೌದಿಗೆ ಕೂರುವುದು ನಮ್ಮ ಜಕ್ಕಲಿಯ ಮನೆಯಲ್ಲಿ ರೂಢಿ. ಸೂಜಿ ಜಾರಿತೋ, "ಯಾರ ಕಾಲಿಗರೆ ಚುಚ್ಚೀತು, ಮೊದಲ ಹುಡುಕವ್ವಾ" ಎಂದು ಅತ್ತೆಯವರು ಕೆಲಸವನ್ನೇ ನಿಲ್ಲಿಸುತ್ತಾರೆ.

ಹೋದ ಬೇಸಿಗೆಯಲ್ಲಿ ಹೈಸ್ಕೂಲು ಓದುವ ನನ್ನ ಮಗ ಗದಗದಿಂದ ಮ್ಯಾಗ್ನೆಟ್ ಪೆನ್ನು ತಂದ. ಸಣ್ಣ ಸಣ್ಣ ಅಯಸ್ಕಾಂತದ ತುಂಡುಗಳು ಒಂದಕ್ಕೊಂದು ಅಂಟಿಯೇ ಪೆನ್ನಾಗಿವೆ. "ಇದಕ್ಕೂ ರೊಕ್ಕ ಹಾಕಿದ್ಯೇನೋ?" ಎಂದು ಗದರಿದೆ. ಆದರೆ ಅವನು ಕೌದಿಯ ಮೇಲೆ ಅದನ್ನು ಆಡಿಸಿದ್ದೇ ತಡ, ಕಳೆದ ಸೂಜಿ ಟಕ್ಕನೆ ಬಂದು ಅಂಟಿತು. ನನ್ನ ಬಾಯಿ ಕಟ್ಟಿತು!

ಅಂದಿನಿಂದ ಪೆನ್ನು ನನ್ನದಾಯಿತು. ಹೊಲಿಗೆ ಯಂತ್ರದ ಸಂದಿಗೆ ಬಿದ್ದ ಟಾಚಣಿ ತೆಗೆಯಲು ಅದೇ ಬೇಕು. ಇಂಡಕ್ಷನ್ ಒಲೆಗೆ ಪಾತ್ರೆ ಕೊಳ್ಳುವಾಗ ತಳಕ್ಕೆ ಹಿಡಿದು ನೋಡಿ. ಗಟ್ಟಿಯಾಗಿ ಅಂಟಿದರೆ ಆ ಪಾತ್ರೆ ನಡೆಯುತ್ತದೆ. ಬಂಗಾರಕ್ಕೆ ಅಯಸ್ಕಾಂತ ಅಂಟದು, ನಿಜ. ಆದರೆ ಅಂಟದ್ದೆಲ್ಲ ಬಂಗಾರವೆಂದು ನಂಬಬೇಡಿ, ಹಿತ್ತಾಳೆಗೂ ಅಂಟುವುದಿಲ್ಲ!

ಪಂಚಮಿ ಹಬ್ಬಕ್ಕೆ ನಾದಿನಿ 2 ವರ್ಷದ ಮಗಳೊಂದಿಗೆ ಬಂದಳು. ನಾನು ಉಂಡಿ ಕಟ್ಟುತ್ತಿದ್ದಾಗ ಪೆನ್ನು ಕೂಸಿನ ಕೈಗೆ ಸಿಕ್ಕಿತು. ಎಣಿಸಿದರೆ 12 ತುಂಡುಗಳಲ್ಲಿ 2 ಇಲ್ಲ! ಕೂಸನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಎಕ್ಸ್‌ರೇ ತೆಗೆಸಿದರು. ಒಂದು ತುಂಡು ನುಂಗಿದರೆ ಎಷ್ಟೋ ಸಲ ತಾನೇ ಹೊರಬೀಳುತ್ತದಂತೆ. ಎರಡು ಹೋದರೆ ಕರುಳಿನ ಬೇರೆ ಬೇರೆ ಮಡಿಕೆಗಳಲ್ಲಿ ನಿಂತು ಒಂದನ್ನೊಂದು ಸೆಳೆಯುತ್ತವೆ. ನಡುವೆ ಸಿಕ್ಕ ಕರುಳು ಹಿಚುಕಿ ತೂತೇ ಬೀಳಬಹುದು ಎಂದರು. ಕೇಳಿ ನನ್ನ ಕೈಕಾಲು ತಣ್ಣಗಾದವು.

ದೇವರು ದೊಡ್ಡವನು, ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮನೆಗೆ ಬಂದು ಹುಡುಕಿದರೆ, ಎರಡೂ ಹೊಲಿಗೆ ಯಂತ್ರದ ಕಬ್ಬಿಣದ ಕಾಲಿಗೆ ಅಂಟಿ ಕೂತಿದ್ದವು! ನಾದಿನಿಯ ಮುಖ ನೋಡಲು ನನಗೆ ಎರಡು ದಿನ ಧೈರ್ಯವಾಗಲಿಲ್ಲ. ಕೈಗೆ ಸಿಗುವಲ್ಲಿ ಇಟ್ಟವಳು ನಾನೇ ಅಲ್ಲವೇ?

ಮಗು ನುಂಗಿದ ಅನುಮಾನ ಬಂದರೂ ಸಾಕು, ಬಾಳೆಹಣ್ಣು ತಿನ್ನಿಸುತ್ತ, ನಾಳೆ ಹೋದೀತೆಂದು ಕಾಯುತ್ತ ಕೂರಬೇಡಿ. ಹೊಟ್ಟೆನೋವು ಬರುವ ತನಕವೂ ತಡೆಯಬೇಡಿ. ಕೂಡಲೇ ಆಸ್ಪತ್ರೆಗೆ ಹೋಗಿ, ಅದು ಅಯಸ್ಕಾಂತವೆಂದು ಬಾಯಿ ಬಿಟ್ಟು ಹೇಳಿ. ಎದೆಯಲ್ಲಿ ಪೇಸ್‌ಮೇಕರ್ ಹಾಕಿಸಿಕೊಂಡ ಹಿರಿಯರ ಹತ್ತಿರವೂ ಇದನ್ನು ಒಯ್ಯಬಾರದು.

ಪೆನ್ನನ್ನು ನಾನು ಎಸೆದಿಲ್ಲ. ಮೇಲಿನ ಮಾಡದಲ್ಲಿ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿಟ್ಟಿದ್ದೇನೆ. ಸೂಜಿ ಸಿಕ್ಕ ಮೇಲೆ ತುಂಡುಗಳನ್ನು ಎಣಿಸಿಯೇ ಮುಚ್ಚುತ್ತೇನೆ. ನಿಮ್ಮ ಮನೆಯಲ್ಲೂ ಇಂಥದ್ದಿದ್ದರೆ ಇಂದೇ ಒಮ್ಮೆ ಎಣಿಸಿ ನೋಡುತ್ತೀರಲ್ಲವೇ?