ಅಪೆಂಡಿಕ್ಸ್ ಎಂದುಕೊಂಡು ಹೋದೆವು

ನಮ್ಮ ತಮ್ಮನಿಗೆ ಹೊಟ್ಟೆನೋವು ಹೊಸದಲ್ಲ. ಎರಡು ವರ್ಷದಿಂದ ಬರುತ್ತಿತ್ತು, ಹೋಗುತ್ತಿತ್ತು. ಒಮ್ಮೆ ಭೇದಿ, ಒಮ್ಮೆ ಸಣ್ಣ ಜ್ವರ. ನಾವು ಗ್ಯಾಸ್ ಎಂದೆವು, ಹೋಟೆಲ್ ತಿಂಡಿಯ ಫಲ ಎಂದೆವು. ಅಮ್ಮ ಜೀರಿಗೆ ಕಷಾಯ ಮಾಡಿಕೊಟ್ಟರು. ಇಪ್ಪತ್ತೇಳರ ಹುಡುಗ ಎಂಟು ಕಿಲೋ ಇಳಿದಾಗಲೂ, ಮದುವೆಯಾದರೆ ಸರಿಹೋಗುತ್ತಾನೆ ಎಂದು ಹೆಣ್ಣು ಹುಡುಕಲು ಹೊರಟವರು ನಾವು!

2019ರ ಜುಲೈಯ ಒಂದು ರಾತ್ರಿ ಬಲಗಡೆಯ ಕೆಳಹೊಟ್ಟೆ ಹಿಡಿದು ಮುದುರಿ ಬಿದ್ದ. ಜೋರು ಮಳೆ. ಜೀಪು ಹಿಡಿದು ಕುಂಬಳೆ, ತಲಪಾಡಿ ದಾಟಿ ಮಂಗಳೂರು. ದೊಡ್ಡ ಕಾಯಿಲೆ ಎಂದರೆ ನಮ್ಮ ಕಾಸರಗೋಡಿನವರಿಗೆ ಮಂಗಳೂರೇ ಅಲ್ಲವೇ. "ಅಪೆಂಡಿಕ್ಸ್ ಒಡೆದಿರಬಹುದು" ಎಂದರು, ಸಹಿ ಹಾಕಿದೆವು. ಅಪೆಂಡಿಕ್ಸ್ ಬಗ್ಗೆ ನಮಗೇನೂ ಭಯವಿರಲಿಲ್ಲ, ನಮ್ಮ ಶಾಲೆಯಲ್ಲೇ ಮೂವರಿಗೆ ಆಗಿದೆ.

ಒಂದು ಗಂಟೆ ಆಗುವ ಮೊದಲೇ ಸರ್ಜನ್ ಹೊರಗೆ ಬಂದರು. "ಮಾಷ್ಟ್ರೇ, ಇದು ಅಪೆಂಡಿಕ್ಸ್ ಅಲ್ಲ. ಸಣ್ಣಕರುಳಿನ ಕೊನೆಯ ಭಾಗ ದಪ್ಪವಾಗಿ, ಒಳದಾರಿ ಕಿರಿದಾಗಿ, ಒಂದು ಕಡೆ ತೂತಾಗಿದೆ. ಕ್ರೋನ್ಸ್ ಕಾಯಿಲೆ ಇದ್ದ ಹಾಗೆ ಕಾಣುತ್ತದೆ. ಟಿ.ಬಿ.ಯೂ ಇರಬಹುದು." ಆ ತುಂಡನ್ನು ತೆಗೆಯಬೇಕು. ಹೊಟ್ಟೆಯೊಳಗೆ ಕೀವು ತುಂಬಿದೆ, ಹುಡುಗ ಸೊರಗಿದ್ದಾನೆ, ಈಗಲೇ ಜೋಡಿಸಿದರೆ ಹೊಲಿಗೆ ಬಿಟ್ಟುಹೋಗಬಹುದು. ಆದ್ದರಿಂದ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದಿಡುತ್ತಾರೆ, ಕೆಲವು ತಿಂಗಳು ಮಲ ಚೀಲಕ್ಕೆ ಬರುತ್ತದೆ. ಇದಕ್ಕೆ ಇನ್ನೊಂದು ಸಹಿ ಬೇಕು.

ನಾವು ಕೇಳಿದ್ದು ಒಂದೇ ಪ್ರಶ್ನೆ: "ತೆಗೆದರೆ ಗುಣವಾಗುತ್ತದಾ ಡಾಕ್ಟ್ರೇ?"

"ತೂತಿನಿಂದ ಪ್ರಾಣ ಉಳಿಯುತ್ತದೆ. ಕಾಯಿಲೆ ಇರುತ್ತದೆ."

ಆ ಕಾಯಿಲೆಯ ಹೆಸರನ್ನೇ ನಾವು ಅದುವರೆಗೆ ಕೇಳಿರಲಿಲ್ಲ. ಮಲಗಿದ್ದವನನ್ನು ಕೇಳುವಂತೆಯೂ ಇರಲಿಲ್ಲ. ಸಹಿ ಹಾಕಿದೆವು.

ಮೂರನೆಯ ದಿನ ಅವರೇ ಒಂದು ಚೀಟಿಯಲ್ಲಿ ಕರುಳಿನ ಚಿತ್ರ ಬರೆದು ವಿವರಿಸಿದರು. ಬರೀ ಕೆಂಪಾಗಿ ಊದಿಕೊಂಡಿದ್ದರೆ ಕರುಳಿಗೆ ಕತ್ತರಿ ಹಾಕುತ್ತಿರಲಿಲ್ಲವಂತೆ, ಮದ್ದು ಕೊಟ್ಟು ನೋಡುತ್ತಿದ್ದರು. ಕೆಲವೊಮ್ಮೆ ಅಂಥ ಊತ ಬ್ಯಾಕ್ಟೀರಿಯಾದಿಂದಲೂ ಬಂದು ತಾನಾಗಿ ಇಳಿಯುತ್ತದೆ. ತೂತು, ಕೀವು, ಅಡಚಣೆ ಇದ್ದಾಗ ಮಾತ್ರ ತೆಗೆಯುವುದು, ಅದೂ ಕೆಟ್ಟ ಭಾಗ ಮತ್ತು ಅದರಾಚೆ ಸುಮಾರು 2 ಸೆಂಟಿಮೀಟರ್. ಸುರಕ್ಷಿತವಾಗಿರಲಿ ಎಂದು ಉದ್ದಕ್ಕೆ ಕತ್ತರಿಸಿದರೂ ಕಾಯಿಲೆ ಮರಳುವುದು ತಪ್ಪುವುದಿಲ್ಲ. ಮತ್ತೆ ಮತ್ತೆ ತೆಗೆಯುತ್ತ ಹೋದರೆ ಉಂಡದ್ದನ್ನು ಹೀರಿಕೊಳ್ಳಲು ಕರುಳೇ ಉಳಿಯದು. ಇಷ್ಟೆಲ್ಲ ಕನ್ನಡದಲ್ಲೇ ಹೇಳಿದರು, ಅವರಿಗೆ ನಾವು ಋಣಿಗಳು.

ಆಮೇಲೆ ನಾವೂ ಸ್ವಲ್ಪ ಓದಿಕೊಂಡೆವು. ನ್ಯೂಯಾರ್ಕಿನ ಕ್ರೋನ್, ಗಿನ್ಸ್‌ಬರ್ಗ್, ಒಪ್ಪನ್‌ಹೈಮರ್ ಎಂಬ ವೈದ್ಯರು 1932ರಲ್ಲಿ ಇದನ್ನು ವರ್ಣಿಸಿದರು. 1956ರಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರರಿಗೆ ಇದೇ ಕಾಯಿಲೆಯಿಂದ ಕರುಳು ಕಟ್ಟಿದಾಗ, ಕೆಟ್ಟ ಭಾಗವನ್ನು ಅಲ್ಲೇ ಬಿಟ್ಟು ಬಳಸುದಾರಿ ಮಾಡಿದ್ದರು.

ಬಯಾಪ್ಸಿ ವರದಿಗೆ ಹತ್ತು ದಿನ ಕಾದೆವು. ಕ್ರೋನ್ಸ್‌ಗೆ ಕೊಡುವ ಮದ್ದು ದೇಹದ ರೋಗನಿರೋಧಕ ಶಕ್ತಿಯನ್ನು ತಗ್ಗಿಸುತ್ತದೆ. ಒಳಗಿರುವುದು ಟಿ.ಬಿ.ಯಾದರೆ ಅದೇ ಮದ್ದು ವಿಷ. ನಮ್ಮ ದೇಶದಲ್ಲಿ ಇವೆರಡನ್ನು ಬೇರೆ ಮಾಡುವುದೇ ಡಾಕ್ಟರುಗಳಿಗೆ ತಲೆನೋವಂತೆ. ಟಿ.ಬಿ. ಇರಲಿಲ್ಲ.

ಚೀಲದ ನಾಲ್ಕು ತಿಂಗಳು ಮಾತ್ರ ಮರೆಯಲಾಗದು. ಮೊದಲ ದಿನ ಅಮ್ಮ ನೋಡಿ ಅಡುಗೆಮನೆಗೆ ಹೋದವರು ಹೊರಗೆ ಬರಲೇ ಇಲ್ಲ. ನೆಂಟರು ಬಂದರೆ ಇವನು ಕೋಣೆ ಸೇರುತ್ತಿದ್ದ. ನರ್ಸ್ ಒಬ್ಬರು ಎರಡು ಸಲ ತೋರಿಸಿಕೊಟ್ಟದ್ದೇ ಸಾಕಾಯಿತು, ಮೂರನೆಯ ವಾರಕ್ಕೆ ತಾನೇ ಬದಲಾಯಿಸಿಕೊಳ್ಳುತ್ತಿದ್ದ, ನಮ್ಮನ್ನು ಹತ್ತಿರ ಸೇರಿಸಲಿಲ್ಲ. ನವೆಂಬರಿನಲ್ಲಿ ಮತ್ತೆ ಹೊಟ್ಟೆ ತೆರೆದು ಜೋಡಿಸಿದರು.

ಈಗ ಮಾತ್ರೆ ಇದೆ. ಕರುಳಿನ ಆ ತುದಿಯಲ್ಲೇ ಹೀರಲ್ಪಡುವ ಬಿ12 ಸಾಲದ್ದರಿಂದ ಇಂಜೆಕ್ಷನ್ ಇದೆ. ಹೊಗೆ ಸೇದಿದರೆ ಕಾಯಿಲೆ ಬೇಗ ಮರಳುತ್ತದೆ ಎಂದ ಮೇಲೆ ಸಿಗರೇಟು ಬಿಟ್ಟ. 2020ರಲ್ಲಿ ತಲಪಾಡಿಯಲ್ಲಿ ದಾರಿ ಮುಚ್ಚಿದಾಗ ತಪಾಸಣೆ ತಪ್ಪಿ, ನಾವು ಮಾತ್ರೆ ಎಣಿಸುತ್ತ ಕೂತಿದ್ದೆವು.

ಕಳೆದ ವರ್ಷ ಒಂದು ಸಂಬಂಧ ಬಂತು. ಹೆಣ್ಣಿನ ಕಡೆಯವರಿಗೆ ಹೇಳಬೇಕೇ, ಬೇಡವೇ ಎಂದು ಅಮ್ಮನಿಗೂ ನಮಗೂ ಎರಡು ದಿನ ಜಗಳ. ಮೂರನೆಯ ದಿನ ಅವನೇ ನಗುತ್ತ ಬಂದ. ಹುಡುಗಿಗೆ ಫೋನು ಮಾಡಿ ಎಲ್ಲ ಹೇಳಿಯಾಗಿತ್ತಂತೆ, ಚೀಲದ ಸಂಗತಿಯನ್ನೂ.